ಬೂದಿ ಕೋಳಿಯ ಕಂದನಕಾಯಿ

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನಲ್ಲಿ, ಕಾರ್ಮಿಕರ ಲೈನುಮನೆಗಳಲ್ಲಿ ಕೋಳಿ ಸಾಕದವರು ಕಡಿಮೆ. ಸಾಕುವುದಕ್ಕೆ ಎಲ್ಲರಿಗೂ ಏನಾದರೊಂದು ಕಾರಣವಿತ್ತು. ಮೊಟ್ಟೆಗೆ, ಮಾರಿಹಬ್ಬಕ್ಕೆ, ಅಳಿಯ ಬಂದರೆ ಸಾರಿಗೆ, ಮುನೇಶ್ವರನಿಗೆ ಹೊತ್ತ ಹರಕೆಗೆ. ಚಿಕ್ಕಮುನಿಯಪ್ಪನ ಕೋಳಿಗಳ ತೊಂದರೆ ಏನೆಂದರೆ ಅವಕ್ಕೆ ಕಾರಣವೇ ಇರಲಿಲ್ಲ.

ಅವನು ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದವನು. ಮೇಲಿನ ಬಂಡೆ ಕೆಳಗೆ ಕೂರದಂತೆ ದಿಮ್ಮಿ ಕೊಟ್ಟು, ಪಾಳಿ ಮುಗಿಸಿ ಹತ್ತಿ ಬಂದು, ಮೈ ತೊಳೆದುಕೊಂಡು, ಮನೆ ಮುಂದಿನ ಒಗೆಯುವ ಕಲ್ಲಿನ ಮೇಲೆ ಕೂತು ಕೋಳಿ ನೋಡುತ್ತಿದ್ದ. ಅವು ಕೆದಕುತ್ತಿದ್ದವು, ಅವನು ನೋಡುತ್ತಿದ್ದ. ಕೆದಕಿ ಒಂದು ಹೆಜ್ಜೆ ಹಿಂದೆ ಸರಿದು, ಇದನ್ನು ಇಲ್ಲಿ ಯಾರು ಕೆದಕಿದರು ಎಂಬಂತೆ ಕತ್ತು ಓರೆ ಮಾಡಿ ವಿಚಾರಣೆ ನಡೆಸುವ ಕೋಳಿಯ ಗತ್ತು ಅವನಿಗೆ ಎಷ್ಟು ನೋಡಿದರೂ ಹಳೆಯದಾಗಿರಲಿಲ್ಲ. ಅವುಗಳಲ್ಲಿ ಬೂದಿ ಬಣ್ಣದ ಹೆಣ್ಣುಕೋಳಿ, ಹ್ಯಾಟೆಯೊಂದಿತ್ತು. ಅದು ದಿನಾ ಅವನ ಬೂಟಿನ ದಾರವನ್ನು ಎರೆಹುಳುವೆಂದು ತಿಳಿದು ಎಳೆಯುತ್ತಿತ್ತು, ದಿನಾ ಮೋಸ ಹೋಗುತ್ತಿತ್ತು, ಮಾರನೆಯ ದಿನ ಹೊಸ ನಂಬಿಕೆಯೊಂದಿಗೆ ಬರುತ್ತಿತ್ತು. ಅದಕ್ಕಾಗಿಯೇ ಅವನು ಬೂಟು ಬಿಚ್ಚುವುದನ್ನು ತಡ ಮಾಡುತ್ತಿದ್ದ.

ಹೆಂಡತಿ ಮುನಿರತ್ನಮ್ಮ ಬಂಗಾರಪೇಟೆಯ ಆಚೆಯ ಹಳ್ಳಿಯವಳು. ಅವಳ ತವರಿನಲ್ಲಿ ಕೋಳಿ ಎಂದರೆ ಅದನ್ನು ಮುಚ್ಚಿಡುವ ಮಂಕರಿಗೂ ಮಡಕೆಗೂ ನಡುವಿನ ಒಂದು ಸ್ಥಿತಿ. ಇಲ್ಲಿ ಮೊಟ್ಟೆ ಮರಿಯಾಗಿ, ಮರಿ ಹ್ಯಾಟೆಯಾಗಿ, ಹ್ಯಾಟೆ ಅಜ್ಜಿಯಾದರೂ ಮಡಕೆಗೆ ಮಾತ್ರ ಬರುತ್ತಿರಲಿಲ್ಲ. ಮನೆ ತುಂಬ ಕೋಳಿ ಇಟ್ಟುಕೊಂಡು ನೆಂಟರಿಗೆಂದು ರಾಬರ್ಟ್‌ಸನ್‌ಪೇಟೆಯಿಂದ ಮಾಂಸ ತರುವ ಗಂಡಸನ್ನು ತಾನು ಕಂಡಿಲ್ಲವೆಂದು ಅವಳು ನೀರಿನ ಕೊಳಾಯಿಯ ಬಳಿ ಹೇಳಿದ್ದಳು. ಯಾಕೆ ಸಾಕ್ತೀಯ ಎಂದು ಕೇಳಿದರೆ ಅವನು, ಇರಲಿ ಬಿಡು ಎನ್ನುತ್ತಿದ್ದ. ಅದು ಅವಳಿಗೆ ಉತ್ತರದಂತೆ ಕೇಳಿಸುತ್ತಿರಲಿಲ್ಲ.

ಪಕ್ಕದ ಮನೆಯ ಪೆರುಮಾಳ್‌ಗಂತೂ ಕೇಳಿಸಲೇ ಇಲ್ಲ. ಅವನು ಮಿಲ್ಲಿನಲ್ಲಿ ಅದಿರು ಅರೆಯುವ ಕಡೆ ಕೆಲಸಕ್ಕಿದ್ದ. ಯಾವುದಕ್ಕೂ ಕಾರಣ ಸಿಗದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಲೈನಿನ ಹಿಂದೆ ಗಣಿಯಿಂದ ತಂದು ಸುರಿದ ಕಲ್ಲಿನ ಗುಡ್ಡೆಯಿತ್ತು. ಚಿಕ್ಕಮುನಿಯಪ್ಪನ ಕೋಳಿಗಳು ಅಲ್ಲಿಯೇ ಮೇಯುತ್ತಿದ್ದವು, ಬಿಳಿ ಕಲ್ಲಿನ ಚೂರು ಹೆಕ್ಕಿ ನುಂಗುತ್ತಿದ್ದವು. ನುಂಗಿದ ಕಲ್ಲು ಹೋಗಿ ಕೂರುವುದು ಕಂದನಕಾಯಿಯಲ್ಲಿ, ಅಂದರೆ ಕಾಳು ಅರೆಯುವ ಆ ಗಟ್ಟಿ ಮಾಂಸದ ಚೀಲದಲ್ಲಿ. ಪೆರುಮಾಳ್ ಒಂದು ಭಾನುವಾರ ಇದನ್ನೆಲ್ಲ ಕೂಡಿಸಿದ.

"ಮಿಲ್ಲಲ್ಲಿ ನಾವು ಮಾಡೋದೂ ಇದೇ ಅಲ್ವಾ ಅಣ್ಣೇ," ಎಂದು ಚಿಕ್ಕಮುನಿಯಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ. "ಕಲ್ಲು ಆಕು, ಅರಿ, ಚಿನ್ನ ತೆಗಿ. ನಿನ್ ಕೋಳಿ ಸದ್ದಿಲ್ದೆ ಮಾಡ್ತದೆ, ಅಷ್ಟೇ."

ಚಿಕ್ಕಮುನಿಯಪ್ಪ ಹಾಗೇನಿಲ್ಲ ಎಂದ. ಹಾಗೇನಿಲ್ಲ ಎಂದದ್ದೇ ಸಾಕ್ಷಿಯಾಯಿತು. ತಿನ್ನುವುದಿಲ್ಲ, ಮಾರುವುದಿಲ್ಲ ಎಂದರೆ ಕೂಡಿಡುತ್ತಿದ್ದಾನೆ. ಮಾತು ಕೊಳಾಯಿ ತಲುಪುವಾಗ ಸಾಸಿವೆಯಷ್ಟಿದ್ದ ಚಿನ್ನ, ಹೆಂಡದಂಗಡಿ ದಾಟುವಾಗ ಗೋಲಿಯಷ್ಟಾಗಿತ್ತು. ಆ ವಾರ ಲೈನಿನಲ್ಲಿ ಹಬ್ಬವಿಲ್ಲದೆ ಬಹಳ ಮನೆಗಳಲ್ಲಿ ಕೋಳಿ ಸಾರಾಯಿತು. ಸಿಕ್ಕಿದ್ದು ಮರಳು, ಒಡೆದ ಬಳೆಚೂರು, ಒಂದು ಅಂಗಿಗುಂಡಿ. ಇದರಿಂದ ಜನ ತಮ್ಮ ಊಹೆ ತಪ್ಪೆಂದುಕೊಳ್ಳಲಿಲ್ಲ. ಚಿಕ್ಕಮುನಿಯಪ್ಪನದು ಬೇರೆ ಜಾತಿಯ ಕೋಳಿ ಎಂದುಕೊಂಡರು.

ಹೀಗಿರುವಾಗ ಕೋದಂಡಪ್ಪ ಬಂದ. ಅವನು ಗಣಿಯ ಗೇಟಿನ ಕಾವಲುಗಾರ. ಮೇಲೆ ಬಂದವರ ಬಾಯಿ, ಕಿವಿ, ಕೂದಲು, ಬುತ್ತಿಡಬ್ಬಿ ಎಲ್ಲವನ್ನೂ ಹುಡುಕುವುದು ಅವನ ಕೆಲಸ. ಇಷ್ಟು ವರ್ಷದಲ್ಲಿ ಅವನಿಗೆ ಏನೂ ಸಿಕ್ಕಿರಲಿಲ್ಲವಾದ್ದರಿಂದ ಎಲ್ಲರ ಬಳಿಯೂ ಇದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಒಂದು ಕೋಳಿಯನ್ನು ಕುಯ್ದು ನೋಡಬೇಕು, ಯಾವುದೆಂದು ನೀನೇ ಆರಿಸು ಎಂದು ಚಿಕ್ಕಮುನಿಯಪ್ಪನಿಗೆ ಹೇಳಿದ. ಮುನಿರತ್ನಮ್ಮ ಮುದಿಯಾದ ಬೂದಿಯನ್ನು ತೋರಿಸಿ ಖಾರ ಅರೆಯಲು ಒಳಗೆ ಹೋದಳು.

ಬೂದಿ ಅಷ್ಟರಲ್ಲಿ ಕೋದಂಡಪ್ಪನ ಬೂಟಿನ ದಾರ ಎಳೆಯುತ್ತಿತ್ತು.

ಚಿಕ್ಕಮುನಿಯಪ್ಪ ಒಗೆಯುವ ಕಲ್ಲಿನಿಂದ ದಡಕ್ಕನೆ ಎದ್ದ. ತಲೆಯ ಮೇಲೆ ಬಂಡೆ ಲಟಲಟ ಎಂದಾಗಲೂ ಅವನು ಇಷ್ಟು ಅವಸರ ಪಟ್ಟಿರಲಿಲ್ಲ. "ಕುಯ್ಯೋದ್ಯಾಕೆ ಸಾಮಿ," ಎಂದ, "ಒಳಕ್ಕೋಗಿದ್ದು ಈಚೆಗೆ ಬರ್ಲೇಬೇಕಲ್ಲ. ಕಟ್ಟಾಕ್ಕೊಂಡು ಕಾದು ನೋಡಿ."

ಕಾಯುವುದೇ ವೃತ್ತಿಯಾದವನಿಗೆ ಈ ಮಾತು ಹಿಡಿಸಿತು. ಬೂದಿಯ ಕಾಲಿಗೆ ದಾರ ಕಟ್ಟಿ, ಕಂಕುಳಲ್ಲಿ ಇರುಕಿಕೊಂಡು ಗೇಟಿನ ಚೌಕಿಗೆ ಒಯ್ದ. ಒಳಗಿಂದ ಖಾರ ಅರೆಯುವ ಸದ್ದು ನಿಂತಿತು.

ಚೌಕಿಯಲ್ಲಿ ತಪಾಸಣೆ ಶುರುವಾಯಿತು. ಕೋಳಿ ಹಾಕಿದ ಹಿಕ್ಕೆಯನ್ನು ಕೋದಂಡಪ್ಪ ಕಡ್ಡಿಯಿಂದ ಕೆದಕಿ ನೋಡುತ್ತಿದ್ದ. ಪಾಳಿ ಮುಗಿದ ಮೇಲೆ ಚಿಕ್ಕಮುನಿಯಪ್ಪ ಜೋಳದ ನುಚ್ಚು ತಂದು ಹಾಕಿ, ಬೆಂಚಿನ ಮೇಲೆ ಕೂತು ಬೂದಿಯನ್ನು ನೋಡಿ ಹೋಗುತ್ತಿದ್ದ. ಮೊದಮೊದಲು ಕೋದಂಡಪ್ಪ ಕಡ್ಡಿ ಹಿಡಿದೇ ಕೂರುತ್ತಿದ್ದ. ಆಮೇಲೆ ಕಡ್ಡಿ ಬಿಟ್ಟ, ಕೂರುವುದನ್ನು ಬಿಡಲಿಲ್ಲ. ಕಾಲಿನ ದಾರವನ್ನು, ಅದಕ್ಕೆ ನೋವಾಗುತ್ತದೆಂದು ತಾನೇ ಬಿಚ್ಚಿದ. ಚಿನ್ನ ಬಂತಾ ಎಂದು ಯಾರಾದರೂ ಕೇಳಿದರೆ ವಿಚಾರಣೆ ಮುಗಿದಿಲ್ಲ ಎನ್ನುತ್ತಿದ್ದ. ಚಿಕ್ಕಮುನಿಯಪ್ಪ ಕೋಳಿ ಕೊಡಿ ಎಂದು ಕೇಳಿದಾಗಲೂ ಅದೇ ಉತ್ತರ ಬಂತು.

ಅಷ್ಟರಲ್ಲಿ ಬೂದಿ ಬೆಂಚಿನ ಕೆಳಗೆ ಕಾವಿಗೆ ಕೂತಿತು. ಕಾವಿಗೆ ಕೂತ ಕೋಳಿಯನ್ನು ಎತ್ತಬಾರದೆಂದು ಚಿಕ್ಕಮುನಿಯಪ್ಪನೇ ಹೇಳಬೇಕಾಯಿತು. ಮನೆಯಿಂದ ಮಂಕರಿ, ಹುಲ್ಲು, ಬೇರೆ ಹ್ಯಾಟೆಗಳ ಮೊಟ್ಟೆ ಎಲ್ಲವನ್ನೂ ತಂದು ಇಟ್ಟು, ಬರಿಗೈಯಲ್ಲಿ ವಾಪಸು ಹೋದ.

ಒಂದು ಸಂಜೆ ಜೀಪು ಬಂತು. ಕಾವಲಿನವರಿಗೆಲ್ಲ ಮೇಲಿನ ಸಾಹೇಬ ಇಳಿದ. ಕೋಳಿಯ ಸಂಗತಿ ಅವನ ಕಿವಿಗೂ ಬಿದ್ದಿತ್ತು, ಅವನಿಗೆ ಅದರಲ್ಲಿ ತಮಾಷೆ ಕಂಡಿರಲಿಲ್ಲ. ಅದನ್ನು ಈಗಲೇ, ತನ್ನೆದುರಿಗೇ ಕುಯ್ದು ಮುಗಿಸಿ ಎಂದ. ಚಿಕ್ಕಮುನಿಯಪ್ಪ ಬೆಂಚಿನ ತುದಿ ಹಿಡಿದುಕೊಂಡು ಎದ್ದು ನಿಂತ. ಕೋದಂಡಪ್ಪ ಅಟೆನ್ಷನ್ನಿನಲ್ಲಿ ನೆಟ್ಟಗಾದ.

"ಕುಯ್ದಾಯ್ತು ಸಾರ್. ಓದ್ ವಾರಾನೇ," ಎಂದ. "ಮರಳಿತ್ತು, ಒಂದ್ ಅಂಗಿಗುಂಡಿ ಇತ್ತು."

ಸಾಹೇಬ ಕೈಕೋಲಿನಿಂದ ಬೆಂಚಿನ ಕೆಳಗೆ ತೋರಿಸಿದ. ಹಾಗಾದರೆ ಇದು?

"ಇದು ನಂದು ಸಾರ್."

ಚೌಕಿಯಲ್ಲಿ ಕೋಳಿ ಯಾಕೆ ಎಂದು ಸಾಹೇಬ ಕೇಳಿದ. ಅಷ್ಟು ವರ್ಷ ಬೇರೆಯವರನ್ನು ಇಂಥದ್ದೇ ಪ್ರಶ್ನೆ ಕೇಳಿ ಸುಸ್ತು ಮಾಡಿದ್ದ ಕೋದಂಡಪ್ಪ ಬೂದಿಯ ಕಡೆ ಒಮ್ಮೆ ನೋಡಿದ. ಕೆಲಸ ಹೋಗುವ ಮಾತು ಅದು.

"ಇರ್ಲಿ ಅಂತ, ಸಾರ್."

ಸಾಹೇಬ ಅವನ ಮುಖದಲ್ಲಿ ಉಡಾಫೆ ಇದೆಯೇ ಎಂದು ಹುಡುಕಿದ. ಸಿಗಲಿಲ್ಲ. ಜೀಪು ಹತ್ತಿ ಹೋದ.

ಇಬ್ಬರೂ ಬೆಂಚಿನ ಮೇಲೆ ಕೂತರು. ಬೂದಿ ಬದುಕಿತು, ಆದರೆ ಸಾಹೇಬನ ಲೆಕ್ಕಕ್ಕೆ ಸತ್ತಿತ್ತು ಕೂಡ. ಸಾಹೇಬ ಲೈನಿನ ಕಡೆ ಬಂದಾಗ ಸತ್ತ ಕೋಳಿ ಚಿಕ್ಕಮುನಿಯಪ್ಪನ ಮನೆ ಮುಂದೆ ಕೆದಕುತ್ತಿರುವಂತಿರಲಿಲ್ಲ. ಇನ್ನು ಅದು ಕೋದಂಡಪ್ಪನದೇ ಆಗಿರಬೇಕಿತ್ತು. ಅವನಿಗೆ ಕೈ ಮುಗಿಯಬೇಕೋ ಅವನ ಮೇಲೆ ಜಗಳಕ್ಕೆ ಹೋಗಬೇಕೋ ತಿಳಿಯದೆ ಚಿಕ್ಕಮುನಿಯಪ್ಪ ಮನೆಗೆ ಬಂದು ಹೆಂಡತಿಗೆ ಹೇಳಿದ.

"ಕುಯ್ಯೋಂಗಿದ್ರೆ ಕುಯ್ಲಿ," ಎಂದಳು ಮುನಿರತ್ನಮ್ಮ. "ಇಕ್ಕೊಳ್ಳಾಕೆ ಅವ್ನ್ಯಾರು?"

ಮಾರನೆಯ ದಿನ ಅವಳೇ ಚೌಕಿಗೆ ಹೋಗಿ ನ್ಯಾಯ ಹೇಳಿದಳು. ಅವಳ ಸೀಮೆಯಲ್ಲಿ ಒಬ್ಬರ ಕೋಳಿ ಇನ್ನೊಬ್ಬರ ಮನೆಯಲ್ಲಿ ಮರಿ ಮಾಡಿದರೆ ಅದು ಪಾಲಿಗೆ ಬಿಟ್ಟ ಹಾಗೆ. ಮರಿ ಇಬ್ಬರಿಗೂ ಸಮ. ತಾಯಿ ಸತ್ತಿದ್ದರೂ ಮರಿಗಳು ಈಚೆಗೆ ಹುಟ್ಟುವವು, ಅವಕ್ಕೂ ಸಾಹೇಬನಿಗೂ ಸಂಬಂಧವಿಲ್ಲ. ಕೋದಂಡಪ್ಪನೂ ಆ ಕಡೆಯವನೇ. ಪಾಲಿನ ಮಾತಿಗೆ ಎದುರಾಡಲಿಲ್ಲ.

ಏಳು ಮೊಟ್ಟೆ ಒಡೆದು ಮರಿಯಾದವು. ಆರು ಕಂದು, ಒಂದು ಬೂದಿ. ಅವತ್ತಿನಿಂದ ಚಿಕ್ಕಮುನಿಯಪ್ಪ ಪಾಲು ಮಾಡಿಕೊಳ್ಳಲು ದಿನಾ ಚೌಕಿಗೆ ಹೋದ. ಬೂದಿ ಮರಿ ಯಾರದೆಂಬುದು ಇತ್ಯರ್ಥವಾಗಲಿಲ್ಲ. ಒಂದು ದಿನ ರೆಕ್ಕೆ ಬಲಿಯಲಿ ಎಂದರು, ಇನ್ನೊಂದು ದಿನ ಹುಂಜವೋ ಹ್ಯಾಟೆಯೋ ಗೊತ್ತಾಗಲಿ ಎಂದರು. ಮೋಡವಾದ ದಿನ, ಇಂಥ ಹವೆಯಲ್ಲಿ ತಾಯಿಂದ ಬಿಡಿಸಬಾರದು ಎಂದು ಇಬ್ಬರೂ ಒಪ್ಪಿಕೊಂಡರು.

ಕೊನೆಗೆ ಮುನಿರತ್ನಮ್ಮ ತನ್ನ ಪಾಲನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬರುತ್ತೇನೆಂದು ಹೊರಟಳು. ಇಬ್ಬರನ್ನೂ ಸರಿಯಾಗಿ ಬೈದಳು. ಅವರು ಅವಳ ಕಡೆ ನೋಡಲಿಲ್ಲ. ಬೂದಿ ಮರಿ ತಾಯಿಯ ಬೆನ್ನ ಮೇಲಕ್ಕೆ ಹತ್ತುತ್ತಿತ್ತು. ಅರ್ಧ ಹತ್ತಿ ಜಾರಿ ಬಿತ್ತು. ಎದ್ದು ಮೈ ಕೊಡವಿಕೊಂಡು, ಬಿದ್ದಿದ್ದು ಬೇರೆ ಯಾರೋ ಎಂಬಂತೆ ಸುತ್ತ ನೋಡಿ, ಮತ್ತೆ ಹತ್ತಿತು. ಮತ್ತೆ ಬಿತ್ತು. ಬೈಗುಳ ಎಲ್ಲಿಗೆ ಬಂದಿತ್ತೆಂದು ಮುನಿರತ್ನಮ್ಮನಿಗೆ ಮರೆತುಹೋಯಿತು. ಕೋದಂಡಪ್ಪ ಸರಿದು ಬೆಂಚಿನಲ್ಲಿ ಜಾಗ ಮಾಡಿದ.

ಪಾಳಿ ಬದಲಾಗುವ ಸಂಗು, ಗಣಿಯ ಸೈರನ್ನು, ಕೂಗಿತು. ಚಿಕ್ಕಮುನಿಯಪ್ಪ, ಹಾಗಾದರೆ ಪಾಲು ಮಾಡಿಬಿಡೋಣವಾ, ಕತ್ತಲಾಗುತ್ತದೆ ಎಂದ.

"ತಡಿ," ಎಂದಳು ಮುನಿರತ್ನಮ್ಮ. "ಇನ್ನೊಂದ್ ಸಲ ಮೇಲಕ್ಕತ್ತತದೆ."