ಸದ್ದು ನಿಂತರೆ

“ಏನೇ ಸೂರಮ್ಮ, ಮಗ್ಗದ ಸದ್ದೇ ಇಲ್ಲ! ಗುಂಡ್ಯಾಗೇ ಮಲಕ್ಕಂಡ್ಯೇನೇ ಮುಂಡೇದೇ?”

ಮಗ್ಗದ ಕಂಬಕ್ಕೆ ಕಟ್ಟಿದ್ದ ಮೊಬೈಲು ಬೈಯಿತು. ಬೈದವನು ಚಳ್ಳಕೆರೆಯ ಅಂಗಡಿಯಲ್ಲಿ ಕೂತ ಸಾಹುಕಾರ ಗಂಗರಾಜು. ರೇಷ್ಮೆ ಅವನದು, ಸೀರೆ ಅವನದು. ಮೊಳಕಾಲ್ಮೂರಿನಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತ ಸೂರಮ್ಮನದು ಕೈಕಾಲು ಮಾತ್ರ.

“ಎಳೆ ಹರದೈತೆ ಸಾವ್ಕಾರ್ರೆ, ಗಂಟಾಕ್ತಿದೀನಿ. ಗಂಟಿಗೆಲ್ಲಿ ಸದ್ದಿರ್ತೈತೆ?”

“ಸದ್ದಿದ್ರೆ ಕೆಲ್ಸ, ಇಲ್ದಿದ್ರೆ ಸೋಮಾರಿತನ. ಇನ್ನೊಂದ್ಸಲ ನಿಂತ್ರೆ ಹಾಸು ಬಿಚ್ಕಂಡು ಹೋಗ್ತೀನಿ.”

ಉದ್ದಕ್ಕೆ ಬಿಗಿದ ಹಾಸಿನ ನೂಲು ಹೋದರೆ ಮಗ್ಗ ಬರೀ ಕಟ್ಟಿಗೆ.

ಹೋದ ತಿಂಗಳು ಅವನೇ ಮೊಬೈಲು ತಂದು ಕಟ್ಟಿದ್ದ. “ಸ್ಪೀಕರ್ ಐತೆ. ಇಬ್ರದೂ ಒಂದೇ ಕಂಪನಿ, ಮಾತು ಪುಕ್ಕಟೆ. ದುನಿಯಾ ಎಷ್ಟು ಮುಂದುವರಿದೈತೆ ನೋಡು!”

“ನಮ್ಮತ್ತೆ ಸತ್ತು ಎಂಟೊರ್ಷ ಆಗಿತ್ತು,” ಎಂದಿದ್ದಳು ಸೂರಮ್ಮ. “ಕಂಪನಿಯೋರು ವಾಪಸ್ ಕಳಿಸವ್ರೆ.”

“ನಿಮ್ಮತ್ತೆ ಮಧ್ಯಾಹ್ನ ಮಲಗಾದ್ರೂ ಮಲಗೋಳು ಕಣೇ,” ಎಂದಿದ್ದಳು ಪಕ್ಕದ ಮನೆಯ ಚಿನ್ನಕ್ಕ.

ಅಂದಿನಿಂದ ಸೂರಮ್ಮ ಉಣ್ಣುವಾಗ ಚಿನ್ನಕ್ಕನೇ ಗುಂಡಿಗಿಳಿದು ಮಗ್ಗ ಆಡಿಸುತ್ತಿದ್ದಳು. ಅವಳ ಕೈ ಬಿರುಸು. ಸೀರೆಯಲ್ಲಿ ಬೇರೆ ಕೈ ಕಾಣಬಾರದೆಂದು ಸೂರಮ್ಮನಷ್ಟೇ ಮೆತ್ತಗೆ ಮಗ್ಗದ ಹಲಗೆ ಹೊಡೆಯುತ್ತಿದ್ದಳು.

ಸೋಮವಾರ ಮಧ್ಯಾಹ್ನ ಗಂಗರಾಜು ಫೋನು ಮಾಡಿ, ಎಂದಿನಂತೆ ಸದ್ದು ಕೇಳುತ್ತ ಕೂತ. ಸ್ವಲ್ಪ ಹೊತ್ತಿಗೆ ಕಂಬದಿಂದಲೇ ಸದ್ದು ಬರತೊಡಗಿತು. ಗೊರ್‍ರ್... ಪುಸ್ಸ್...

ಚಿನ್ನಕ್ಕ ಓಡಿ ಬಂದಳು. “ಎಮ್ಮೆ ಯಾರ್ದೇ?”

“ಸಾವ್ಕಾರ್ರು ಕಣೇ. ಉಂಡು ಮಲಗವ್ರೆ.”

ಬೀದಿಯೇ ಬಂತು. ಎಲ್ಲರೂ ಅವನ ಹಾಸನ್ನೇ ನೇಯುವವರು. ಮುದುಕ ದೊಡ್ಡಪಾಲಯ್ಯ ಕಣ್ಣು ಮುಚ್ಚಿ ಕಿವಿಗೊಟ್ಟ. “ಒಂದೆಳೆನೂ ಹರೀತಿಲ್ಲ ನೋಡ್ರಲೇ. ಏನು ನೇಯ್ಗೆ!”

ನಗು ತಡೆಯಲು ಸೂರಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಅವಳ ಕೈ ನಿಂತಿತು, ಮಗ್ಗ ನಿಂತಿತು. ಆ ಮೌನಕ್ಕೆ ಗಂಗರಾಜು ಎಚ್ಚರಾದ.

“ಲೇ! ಸದ್ದು ನಿಂತೈತೆ!”

“ನಿಮ್ದೂ ಈಗ್ತಾನೆ ನಿಂತ್ಕಂತು ಸಾವ್ಕಾರ್ರೆ. ಅಲ್ಲಿಗಂಟ ಭಾಳ ದುಡಿದ್ರಿ. ಬೀದಿಗೆಲ್ಲ ಕೇಳ್ತು.”

ಬೀದಿ ಗೊಳ್ಳೆಂದಿತು.

“ಹಾಸು ಬಿಚ್ಚಾಕೆ ಈಗ್ಲೇ ಹೊಂಟೆ, ಬೋಳಿಮಗ್ಳೇ!”

ಸಂಜೆಗೆ ಬೈಕು ಬಂತು. ಬೀದಿಯ ಒಂದು ಮಗ್ಗವೂ ಆಡುತ್ತಿರಲಿಲ್ಲ. ನೇಕಾರರೆಲ್ಲ ಸೂರಮ್ಮನ ಹಾಸಿನ ಸುತ್ತ ಒತ್ತೊತ್ತಾಗಿ ಕೂತಿದ್ದರು. ಒಳಗೆ ಕಾಲಿಡಲು ಜಾಗವಿರಲಿಲ್ಲ.

“ಏಳ್ರಲೇ! ಇವಳದೊಂದೇ ಅಲ್ಲ, ಎಲ್ರದೂ ಬಿಚ್ತೀನಿ.”

“ಬಿಚ್ಚಪ್ಪ,” ಎಂದ ದೊಡ್ಡಪಾಲಯ್ಯ. “ಆಮ್ಯಾಕೆ ನೀನೇ ನೇಯ್ಕ. ಸದ್ದು ನಾವು ಕೇಳ್ತೀವಿ.”

ಸೂರಮ್ಮ ಗುಂಡಿಯಿಂದ ಏಳದೆ ಕಂಬದ ಮೊಬೈಲಿನತ್ತ ಕೈ ತೋರಿದಳು. “ಇದು ಇಲ್ಲೇ ಇರ್ಲಿ. ನಿಮ್ದನ್ನ ದಿಂಬಿಗೆ ಕಟ್ಕಳ್ರಿ. ದಿನಾ ನಾವೂ ಕೇಳ್ತೀವಿ. ಸದ್ದು ನಿಂತ್ರೆ ಬೈತೀವಿ.”

ಆಮೇಲೆ ಹರಿದ ಎಳೆಯೊಂದನ್ನು ಎತ್ತಿಕೊಂಡಳು. ಚಿನ್ನಕ್ಕ ಇನ್ನೊಂದನ್ನು ಹಿಡಿದಳು. ದೊಡ್ಡಪಾಲಯ್ಯ ಕಣ್ಣಿನ ಹತ್ತಿರಕ್ಕೆ ಮತ್ತೊಂದನ್ನು ತಂದುಕೊಂಡ. ಇಷ್ಟು ಜನ ಗಂಟು ಹಾಕುತ್ತಿದ್ದರೂ ಮನೆಯಲ್ಲಿ ಸದ್ದಿಲ್ಲ.

ಗಂಗರಾಜು ಹೊಸ್ತಿಲಲ್ಲೇ ನಿಂತಿದ್ದ, ಕಿವಿ ಚಾಚಿಕೊಂಡು.