ಮೂರನೆಯ ಉಂಗುರ

"ಇನ್ನೊಂದು ಸುತ್ತು ಹಾಕೋ, ಬೆರಳು ಅಗಲಬಾರ್ದು," ಎಂದ ರಾಮಕೃಷ್ಣಪ್ಪ.

ವೇಣು ಸತ್ತ ತಂದೆ ಗೋಪಾಲಪ್ಪನ ಕಾಲಿನ ಎರಡು ಹೆಬ್ಬೆರಳುಗಳನ್ನು ಸೇರಿಸಿ ಇನ್ನೊಂದು ಸುತ್ತು ಸುತ್ತಿದ. ಅದು ಅಂಗಡಿಯಿಂದ ತಂದ ದಾರವಲ್ಲ. ಗೋಪಾಲಪ್ಪನೇ ಗಾಳದ ಕೋಲುಗಳಿಗೆ ಉಂಗುರ ಕಟ್ಟುತ್ತಿದ್ದ ಗಟ್ಟಿ ನೂಲು.

ಅವಲಪಲ್ಲಿಯ ಆ ಮನೆಯ ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು. ಗೋಪಾಲಪ್ಪನನ್ನು ಮೀಯಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಅದರ ಮೇಲೆ ಮಲಗಿಸಿದ್ದರು. ಹೊಸೂರಿನ ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕಿದ್ದ ಅವನು, ರಜೆಯ ದಿನಗಳಲ್ಲಿ ಗಾಳದ ಕೋಲು ಮಾಡುತ್ತಿದ್ದ. ನೊಣದಂತೆ ಗರಿ ಕಟ್ಟಿದ ಹಗುರ ಗಾಳವನ್ನು ದೂರಕ್ಕೆ ಎಸೆಯುವ ತೆಳ್ಳನೆಯ ಕೋಲುಗಳು ಅವು. ನಾಟ್ರಾಂಪಾಳ್ಯದಾಚೆ ಹೊಳೆಗೆ ಮೀನು ಹಿಡಿಯಲು ಹೋಗುವವರು ಬಂದು ಹೇಳಿ ಮಾಡಿಸಿಕೊಳ್ಳುತ್ತಿದ್ದರು.

"ಎಂಥಾ ಕೈ ನನ್ ತಮ್ಮಂದು!" ಎಂದು ಅಕ್ಕ ಅಂಜಮ್ಮ ಮೂಗೊರೆಸಿಕೊಂಡಳು.

"ಕೈಯೇನೋ ಸರಿ ಅಕ್ಕ. ಅಣ್ಣ ಹೊಳೇಗೋಗಿ ಒಂದು ಮೀನೂ ಹಿಡೀಲಿಲ್ಲ," ಎಂದ ರಾಮಕೃಷ್ಣಪ್ಪ. "ಮೂವತ್ತು ವರ್ಸ ಮನೇಲೇ ಒಂದು ಮೀನು ಇಟ್ಕೊಂಡು ಆಡಿಸ್ದ. ಅಲ್ವಾ ಅತ್ಗೆ?"

ಹೆಂಗಸರು ಕಿಸಕ್ಕನೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗೋಪಾಲಪ್ಪನ ಹೆಂಡತಿ ಗಂಗರತ್ನಮ್ಮ ನಗಲಿಲ್ಲ. ಬಲ ಅಂಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

"ಒಳಗೆ ಆ ಕೊನೇ ಕೋಲು ಅದೆಯಲ್ಲ, ಅದನ್ನೂ ಅಣ್ಣನ ಜೊತೇಗೆ ಸೌದೆ ಮೇಲಿಡಾನ," ಎಂದ ರಾಮಕೃಷ್ಣಪ್ಪ.

"ಅದರ ಉಂಗುರ ಇನ್ನೂ ನೋಡಿಲ್ಲ," ಎಂದಳು ಗಂಗರತ್ನಮ್ಮ.

"ಸುಡೋ ಕೋಲಿಗೆ ಏನ್ ನೋಡಾದು ಅತ್ಗೆ?"

*

ಕೋಲಿನ ಉದ್ದಕ್ಕೂ ದಾರ ಹಾಯಲು ಹತ್ತು ಉಂಗುರ. ಹಿಡಿಯ ಕಡೆ ದೂರ ದೂರ, ತುದಿಯ ಕಡೆ ಹತ್ತಿರ ಹತ್ತಿರ. ನೂಲಿನಿಂದ ಕಟ್ಟುವ ಮೊದಲು ಅವನ್ನು ಟೇಪಿನಿಂದ ಅಂಟಿಸಿ, ದಾರ ಎಳೆದು, ಕೋಲನ್ನು ಬಾಗಿಸಿ ನೋಡಬೇಕು. ಕೋಲು ಬಾಗಿದಂತೆ ದಾರವೂ ಬಾಗಬೇಕು. ಎರಡು ಉಂಗುರಗಳ ನಡುವೆ ದಾರ ಬಿಲ್ಲಿನ ಹೆದೆಯಂತೆ ಕೋಲಿನಿಂದ ದೂರ ಸರಿದು ನಿಂತರೆ ಜಾಗ ತಪ್ಪಿದೆ ಎಂದು ಅರ್ಥ. ಮುಂದೆ ಕೋಲು ಅಲ್ಲೇ ಮುರಿಯುತ್ತದೆ.

ಬೇರೆಯವರು ದಾರದ ತುದಿಗೆ ಕಲ್ಲು ಕಟ್ಟುತ್ತಾರೆ. ಗೋಪಾಲಪ್ಪ ಅದನ್ನು ಹೆಂಡತಿಯ ಅಂಗೈಗೆ ಸುತ್ತುತ್ತಿದ್ದ. "ಕಲ್ಲು ಎಳೆಯಾಕಿಲ್ಲ, ನೀನು ಎಳೀತೀಯ," ಎನ್ನುತ್ತಿದ್ದ. ಕಾಂಪೌಂಡಿನ ಪಕ್ಕ ಬಿಸಿಲಿನಲ್ಲಿ ಅವಳು ನಿಂತಿರಬೇಕು. ಅಂಗೈಗೆ ಅಡ್ಡಲಾಗಿ ಒಂದು ಗೀರು ಬಿದ್ದು, ಹಾಗೇ ಉಳಿದುಹೋಗಿತ್ತು.

ಎಳೆದು ಎಳೆದು ಅವಳ ಕೈಗೆ ಉಂಗುರದ ತಪ್ಪು ತಿಳಿಯತೊಡಗಿತು. ಹೋದ ವರ್ಷ ಒಂದು ಕೋಲಿಗೆ, "ಐದನೇದು ಸರೀಗಿಲ್ಲ," ಎಂದಿದ್ದಳು. ಅವನು ಕೇಳಲಿಲ್ಲ. ಹೊಳೆಯಲ್ಲಿ ಕೋಲು ಅಲ್ಲೇ ಮುರಿಯಿತು. ನೀನು ಎಳೆದದ್ದೇ ತಪ್ಪು ಎಂದು ಮಾರನೆಯ ದಿನ ಊಟವಿಲ್ಲದೆ ಸಂಜೆಯವರೆಗೆ ನಿಲ್ಲಿಸಿದ.

ಮೊನ್ನೆಯೂ ಕೈ ಹೇಳಿತು.

"ತುದಿಯಿಂದ ಮೂರನೇದು ಒಂದು ಬೆರಳು ಮುಂದಕ್ಕೋಗ್ಬೇಕು ಕಣ್ರೀ."

ಅವನು ಕೋಲನ್ನು ಸರಕ್ಕನೆ ಜಗ್ಗಿದ. ಅಂಗೈ ಸೀಳಿ ರಕ್ತ ಬಂತು.

"ಮೀನು ಮಾತಾಡ್ತದೇನೇ?"

ಮಾರನೆಯ ಬೆಳಿಗ್ಗೆ, ಉಂಗುರ ಕಟ್ಟಲು ಕುಳಿತವನು ನೂಲು ಹಿಡಿದುಕೊಂಡೇ ಪಕ್ಕಕ್ಕೆ ವಾಲಿದ. ಟೇಪು ಹಾಗೇ ಉಳಿಯಿತು. ತನ್ನ ಕೈ ಹೇಳಿದ್ದು ನಿಜವೇ ಎಂದು ಒಂದು ಸಲ ಕಣ್ಣಿನಿಂದ ನೋಡಬೇಕೆಂಬುದಷ್ಟೇ ಅವಳಿಗೆ ಉಳಿದಿತ್ತು. ಮೂವತ್ತು ವರ್ಷ ದಾರದ ಆ ತುದಿಯಲ್ಲೇ ನಿಂತವಳು ಅವಳು. ಕೋಲು ಹಿಡಿದು ನೋಡಿದವಳಲ್ಲ.

*

"ಒಂದು ಗಳಿಗೆ ಎಲ್ರೂ ಆಚೆ ನಿಂತ್ಕೊಳ್ರಪ್ಪ," ಎಂದಳು ಗಂಗರತ್ನಮ್ಮ.

"ಅಳ್ಲಿ ಬಿಡ್ರೋ," ಎಂದಳು ಅಂಜಮ್ಮ. "ಬೆಳಿಗ್ಗಿಂದ ಒಂದು ಹನಿ ಹಾಕಿಲ್ಲ, ಪಾಪ."

ಎಲ್ಲರೂ ಗೇಟಿನಾಚೆ ಹೋದರು. ಅವಳು ಒಳಗಿನಿಂದ ಕೋಲು ತಂದಳು. ಮೂರನೆಯ ಉಂಗುರದ ಟೇಪು ಬಿಚ್ಚಿ, ಒಂದು ಬೆರಳು ಮುಂದಕ್ಕೆ ಸರಿಸಿ, ಮತ್ತೆ ಅಂಟಿಸಿದಳು. ಹಿಡಿಗೆ ಸಿಕ್ಕಿಸಿದ್ದ ರೀಲಿನಿಂದ ಹಳದಿ ದಾರವನ್ನು ಎಳೆದು ಹತ್ತೂ ಉಂಗುರಗಳಲ್ಲಿ ಹಾಯಿಸಿದಳು. ಸುತ್ತ ನೋಡಿದಳು. ತುದಿಯನ್ನು ಹಿಡಿಯಲು ಯಾರೂ ಇರಲಿಲ್ಲ.

ಬಗ್ಗಿ, ಹೆಬ್ಬೆರಳುಗಳ ಕಟ್ಟಿಗೆ ದಾರದ ತುದಿಯನ್ನು ಬಿಗಿದು ಗಂಟು ಹಾಕಿದಳು. ಗದ್ದ ಕಟ್ಟಿದ ಮುಖವನ್ನು ನೋಡಿ, "ಅಲ್ಲಾಡ್ಬ್ಯಾಡ," ಎಂದಳು.

ಅಷ್ಟರಲ್ಲಿ ಗಂಡಸರು ಒಳಗೆ ಬಂದರು. "ಹೊತ್ತಾಯ್ತು, ಎತ್ರೋ. ರಾಹುಕಾಲ ಬತ್ತದೆ!" ರಾಮಕೃಷ್ಣಪ್ಪ ಕಾಲುಗಳ ಮೇಲೆ ಸೇವಂತಿಗೆ ಹೂವನ್ನು ಸುರಿದ. ಗಂಟು ಮುಚ್ಚಿಹೋಯಿತು. ಅವಳು ಅದನ್ನು ಬಿಚ್ಚಲಿಲ್ಲ. ಕೋಲು ಹಿಡಿದು ಹಿಮ್ಮುಖವಾಗಿ ನಡೆದು ಜಗುಲಿಯ ಮೆಟ್ಟಿಲೇರಿ ನಿಂತಳು.

"ಗೋವಿಂದಾ, ಗೋವಿಂದ!"

ವೇಣು ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಚಟ್ಟ ಗೇಟು ದಾಟಿತು. ರೀಲು ಕಿರ್ರೆಂದು ತಿರುಗಿತು, ತಮಟೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹಳದಿ ದಾರ ಹತ್ತು ಉಂಗುರಗಳಲ್ಲಿ ಹಾದು ಹೊರಗೆ ಓಡುತ್ತಲೇ ಇತ್ತು.

"ಕೋಲು, ಅತ್ಗೆ! ಕೋಲು ತತ್ತಾ!" ಎಂದು ರಾಮಕೃಷ್ಣಪ್ಪ ಬೀದಿಯಿಂದ ಕೂಗಿದ.

ಗಂಗರತ್ನಮ್ಮ ಗೀರು ಬಿದ್ದ ಅಂಗೈಯನ್ನು ರೀಲಿನ ಮೇಲೆ ಒತ್ತಿದಳು. ರೀಲು ನಿಂತಿತು. ಕೋಲು ಬಾಗಿತು. ಹೊತ್ತವರಿಗೆ ಏನೂ ತಿಳಿಯಲಿಲ್ಲ, ನಡೆಯುತ್ತಲೇ ಇದ್ದರು. ಅವಳು ಬೀದಿಯ ಕಡೆ ನೋಡಲಿಲ್ಲ. ತುದಿಯಿಂದ ಎಣಿಸಿದಳು. ಒಂದು, ಎರಡು, ಮೂರು. ಕೋಲು ಬಾಗಿದಷ್ಟೂ ದಾರವೂ ಬಾಗಿ, ಎಲ್ಲಿಯೂ ದೂರ ಸರಿಯದೆ, ನೆರಳಿನಂತೆ ಅದನ್ನು ಹಿಂಬಾಲಿಸುತ್ತಿತ್ತು.