ಬೋರಮಾಳ ಮುಳುಗಿಸಿಕೊಂಡ ಡಬ್ಬಿ ನಾನು

ನಾನು ಒಂದು ಹಿತ್ತಾಳೆ ಡಬ್ಬಿ. ಸುಮ್ಮನೆ ಡಬ್ಬಿ ಅಂದುಬಿಡಬೇಡಿ, ನನಗೆ ಮೂತಿ ಇದೆ! ನನ್ನನ್ನು ಬಡಿದು ಮಾಡಿದ ಕಂಚುಗಾರ ಕಂಠದ ಕೆಳಗೆ ತೂತು ಕೊರೆದು, ಕೆಳಮುಖವಾದ ಒಂದು ಸಣ್ಣ ನಳಿಗೆ ಬೆಸೆದ. ಮೂತಿಯ ಮಟ್ಟಕ್ಕೆ ನೀರು ತುಂಬಿಸಿ ಏನನ್ನಾದರೂ ನನ್ನೊಳಗೆ ಮುಳುಗಿಸಿದರೆ, ಅದು ಎಷ್ಟು ಜಾಗ ಹಿಡಿಯುತ್ತದೋ ಅಷ್ಟೇ ನೀರನ್ನು ಹೊರಗೆ ಉಗುಳುತ್ತೇನೆ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಅಂಗಡಿಯಲ್ಲಿ ಪಕ್ಕದ ತಂಬಿಗೆಗಳು "ಅಯ್ಯ, ಇದು ಚೆಲ್ಲುವ ಪಾತ್ರೆ!" ಎಂದು ನಕ್ಕವು. ನಗಲಿ ಬಿಡಿ, ಚೆಲ್ಲುವುದೇ ನನ್ನ ಕಸುಬು.

ಬಾಗಲಕೋಟೆ ಕಡೆಯ ಒಂದು ಊರಿನ ಪ್ರೌಢಶಾಲೆಗೆ ನಾನು ಬಂದೆ. ಹತ್ತು ವರ್ಷ ಬೀರುವಿನಲ್ಲಿ ಕತ್ತಲೆ ತಿಂದೆ. ಬಾಗಿಲು ತೆರೆದವರು ಶಿವಮಲ್ಲು ಮಾಸ್ತರು. ಚಾಮರಾಜನಗರದ ಕಡೆಯವರು, ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ವಿಜ್ಞಾನ ಅಂದರೆ ಅವರಿಗೆ ಹುಚ್ಚು. ಹುಣಸೆಹಣ್ಣು ಹಚ್ಚಿ ತಿಕ್ಕಿ ನನ್ನನ್ನು ಫಳಫಳ ಹೊಳೆಸಿ ಮೇಜಿನ ಮೇಲೆ ಕೂರಿಸಿದರು. ಆಹಾ, ಆ ಬೆಳಗ್ಗೆ ನನಗೆ ಮತ್ತೆ ಹುಟ್ಟಿದಂತಾಯಿತು.

"ನೋಡ್ರಪ್ಪಾ, ವಸ್ತುವಿನ ತೂಕಾನ ಇದು ಚೆಲ್ಲಿದ ನೀರಿನ ಅಳತೆಯಿಂದ ಭಾಗಿಸಿ. ಬಂದದ್ದೇ ಸಾಂದ್ರತೆ. ಅದು ವಸ್ತುವಿನ ಹೆಸರನ್ನ ತಾನೇ ಹೇಳ್ಬುಡ್ತದೆ," ಎಂದರು. ಕಬ್ಬಿಣದ ನಟ್ಟು ಮುಳುಗಿಸಿದರೆ ಎಂಟರ ಹತ್ತಿರ ಬಂತು, ಹಿತ್ತಾಳೆ ಬೀಗಕ್ಕೆ ಎಂಟೂವರೆ. ಮಕ್ಕಳು ಬೆಂಚು ಹತ್ತಿ ನಿಂತಿದ್ದರು. "ಚಿನ್ನವಾದರೆ?" ಎಂದು ಯಾರೋ ಕೇಳಿದರು. ಒಡವೆಯ ಚಿನ್ನವಾದರೆ ಹದಿನೇಳು ದಾಟಬೇಕು ಎಂದು ಮಾಸ್ತರು ತಮ್ಮ ಉಂಗುರ ಬಿಚ್ಚಿ ಹಾಕಿದರು. ಅದು ತೀರಾ ಚಿಕ್ಕದು, ನನ್ನ ಮೂತಿ ಒದ್ದೆಯಾಗಿದ್ದೇ ಬಂತು.

ಕಿಟಕಿಯಲ್ಲಿ ಬಿಸಿಯೂಟದ ಕಲ್ಲವ್ವ ಸೌಟು ಹಿಡಿದು ನೋಡುತ್ತಿದ್ದಳು. ಹಿಂದಿನ ದಿನ ತಂಗಿಯ ಸೀಮಂತಕ್ಕೆ ಹಾಕಿಕೊಂಡ ಸರ ಇನ್ನೂ ಕೊರಳಲ್ಲಿತ್ತು.

"ಮಾಸ್ತರ, ನಂದು ಬೋರಮಾಳ ಐತಿ ನೋಡ್ರಿ! ನಮ್ಮವ್ವನ ಪಾಟ್ಲಿ ಬಳಿ ಕರಗಿಸಿ ಮೌನೇಶಪ್ಪ ಕಾಕಾ ಮಾಡಿಕೊಟ್ಟಾನ. ಮೂರು ತೊಲಿ. ಮುಳುಗಸ್ರಿ, ಹುಡುಗ್ರು ನೋಡಲಿ."

ಬೋರೆಹಣ್ಣಿನಂಥ ನಲವತ್ತು ಗುಂಡು. ಮಾಸ್ತರು ದಾರ ಬಿಚ್ಚಿ ತೂಗಿದರು, ನಲವತ್ತೆರಡು ಗ್ರಾಂ. ನನ್ನೊಳಗೆ ಇಳಿಬಿಟ್ಟರು. ನಾನು ಖುಷಿಯಿಂದ ಗಾಜಿನ ಅಳತೆ ಜಾಡಿಗೆ ಏಳು ಗೀಟು, ಅಂದರೆ ಏಳು ಮಿಲಿಲೀಟರ್ ನೀರು ಉಗುಳಿದೆ. ಭಾಗಿಸಿದರೆ ಆರು! ಮಾಸ್ತರು ಇನ್ನೊಮ್ಮೆ ತೂಗಿದರು, ಇನ್ನೊಮ್ಮೆ ಮುಳುಗಿಸಿದರು. ಆರು ಅಂದರೆ ಆರೇ.

"ಕಲ್ಲವ್ವಾ, ಹೇಳಕ್ಕೆ ನಾಲಗೆ ಏಳ್ತಿಲ್ಲ. ಇದು ಚಿನ್ನ ಅಲ್ಲ ಕಣವ್ವಾ. ನಿಮ್ ಅಕ್ಕಸಾಲಿ ಮೋಸ ಮಾಡವ್ರೆ."

"ನಮ್ಮವ್ವನ ಬಂಗಾರ..." ಎಂದು ಕಲ್ಲವ್ವ ಗುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದಳು. ಸಂಜೆಯ ಹೊತ್ತಿಗೆ ಸುದ್ದಿ ಊರು ತುಂಬಿತು. ಮೂವತ್ತು ವರ್ಷ ಊರಿನ ಎಲ್ಲ ಮದುವೆಗಳ ತಾಳಿ ಮಾಡಿದ ಮೌನೇಶಪ್ಪ ಪತ್ತಾರರ ಅಂಗಡಿ ಶಾಲೆಯ ಎದುರಿಗೇ ಇತ್ತು. ಅದರ ಮುಂದೆ ಹೆಂಗಸರು ತಂತಮ್ಮ ಕೊರಳು ಮುಟ್ಟಿಕೊಂಡು ನಿಂತರು. ಮೌನೇಶಪ್ಪ ಬಾಗಿಲು ಎಳೆದುಕೊಂಡು ಮನೆಗೆ ಹೋದರು. ಮೇಜಿನ ಮೇಲಿಂದ ನನಗೆ ಎಲ್ಲ ಕಾಣುತ್ತಿತ್ತು. ನಾನು ಚೆಲ್ಲಿದ್ದು ಸರಿಯಾಗಿಯೇ ಇತ್ತು, ಆದರೂ ನನಗೆ ಸಂಕಟವಾಯಿತು.

ಮರುದಿನ ಮೊದಲ ಗಂಟೆಗೇ ಮೌನೇಶಪ್ಪ ಅಗ್ಗಿಷ್ಟಿಗೆ, ಊದುಗೊಳವೆ, ಚಿಮಟ ಹಿಡಿದು ತರಗತಿಗೆ ಬಂದರು. ಹಿಂದೆಯೇ ಕಲ್ಲವ್ವ, ಅವಳ ಹಿಂದೆ ಅರ್ಧ ಊರು.

"ಮಾಸ್ತರ, ನಾ ಜಗಳಕ್ಕ ಬಂದಿಲ್ಲ, ಒಂದು ಮಾತು ಕೇಳಾಕ ಬಂದೀನಿ. ಬರೇ ಹಿತ್ತಾಳಿ ಆಗಿದ್ರ ಎಷ್ಟು ಬರ್ತಿತ್ರಿ?"

"ಎಂಟೂವರೆ."

"ತಾಮ್ರ?"

"ಸುಮಾರು ಒಂಬತ್ತು."

"ನಾ ಕಳ್ಳ ಅಂತನ ಹಿಡೀರಿ. ಪತ್ತಾರ ಕಳ್ಳ ಆದ್ರ ಬಂಗಾರದಾಗ ತಾಮ್ರ ಬೆರಸ್ತಾನ, ಬೆಳ್ಳಿ ಬೆರಸ್ತಾನ. ಏನು ಬೆರಸಿದ್ರೂ ಲೆಕ್ಕ ಎಂಟರ ಕೆಳಗ ಇಳೀಬಾರದಲ್ರೀ? ಮತ್ತ ಆರು ಹ್ಯಾಂಗ ಬಂತು?"

ಮಾಸ್ತರ ಕೈಯಲ್ಲಿದ್ದ ಸೀಮೆಸುಣ್ಣ ಹಾಗೆಯೇ ನಿಂತಿತು. ಹಿತ್ತಾಳೆಗಿಂತಲೂ ಹಗುರವಾದ ಹಿತ್ತಾಳೆ ಎಲ್ಲಿಯದು?

ಮೌನೇಶಪ್ಪ ಒಂದು ಗುಂಡನ್ನು ಚಿಮಟದಲ್ಲಿ ಹಿಡಿದು ಕೆಂಡದ ಮೇಲೆ ಮೆಲ್ಲಗೆ ಊದಿದರು. ದಾರದ ತೂತಿನಿಂದ ಕೆಂಪಗೆ, ಅಂಟಂಟಾಗಿ ಏನೋ ಇಳಿಯಿತು.

"ಅರಗು!" ಎಂದು ಕಲ್ಲವ್ವ ಚೀರಿದಳು. "ಅಯ್ಯ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅರಗು ತುಂಬ್ತಾರ ಅಂತ ನಂಗ ಗೊತ್ತಿತ್ತಲ್ಲೋ ಕಾಕಾ. ಬೋರ್ಡಿನ ಮ್ಯಾಲ ಆರು ನೋಡಿದ ಕೂಡಲೇ ಎಲ್ಲಾ ಮರತೆ."

"ಬೋರಮಾಳದ ಗುಂಡು ಒಳಗ ಪೊಳ್ಳು ಇರ್ತದ್ರಿ ಮಾಸ್ತರ. ತಗಡು ತೆಳ್ಳಗ. ಅರಗು ತುಂಬಲಿಲ್ಲಂದ್ರ ಕೈ ತಾಗಿದ್ರೂ ನೆಗ್ಗತಾವ. ಈಗ ತೂಗ್ರಿ," ಎಂದು ಅವರು ನಲವತ್ತನ್ನೂ ಬಸಿದು ತಕ್ಕಡಿಗೆ ಹಾಕಿದರು.

ಮೂವತ್ತೈದು ಗ್ರಾಂ. ಸರಿಯಾಗಿ ಮೂರು ತೊಲೆ! ಮಾಸ್ತರು ಗುಂಡುಗಳನ್ನು ಒಂದೊಂದಾಗಿ, ಒಳಗೆ ಗಾಳಿ ಉಳಿಯದಂತೆ ಅಲುಗಾಡಿಸಿ ನನ್ನೊಳಗೆ ಬಿಟ್ಟರು. ಅಷ್ಟು ಜೋಪಾನವಾಗಿ ನಾನು ಎಂದೂ ನೀರು ಉಗುಳಿರಲಿಲ್ಲ. ಎರಡೇ ಎರಡು ಗೀಟು. ಮಕ್ಕಳೇ ಭಾಗಿಸಿ ಕೂಗಿದರು, "ಹದಿನೇಳೂವರೆ!" ತರಗತಿಯೇ ಎದ್ದು ಕುಣಿಯಿತು. ಕಲ್ಲವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ, ನಗುತ್ತ, ಮೌನೇಶಪ್ಪನವರ ಕಾಲಿಗೆ ಬಿದ್ದಳು.

ಮಾಸ್ತರು ಕೈ ಮುಗಿದರು. "ತಪ್ಪಾಯ್ತು ಸ್ವಾಮಿ. ನಮ್ ಕಡೆ ಈ ಸರ ನಾನು ಕಂಡೇ ಇಲ್ಲ. ಒಳಗೆ ಏನದೆ ಅಂತ ಕೇಳ್ದೆ ಬಾಯಿಗೆ ಬಂದಂಗೆ ಅಂದುಬುಟ್ಟೆ."

"ಕೈ ಯಾಕ ಮುಗೀತೀರಿ? ಅದ ಕೈ ರವಿವಾರ ಅಂಗಡಿಗೆ ತರ್ರಿ. ನಲವತ್ತು ಗುಂಡಿಗೆ ಮತ್ತ ಅರಗು ತುಂಬಬೇಕು, ನಾ ಒಬ್ಬನ ಸಾಲಂಗಿಲ್ಲ!"

ಮಾಸ್ತರು ಹೋದರು. ಬೆರಳು ಸುಟ್ಟುಕೊಂಡು ಹನ್ನೆರಡು ಗುಂಡು ತುಂಬಿ, ಎಂಟು ನೆಗ್ಗಿಸಿ, ಬೈಸಿಕೊಂಡು, ಕಲ್ಲವ್ವ ಕಳಿಸಿದ ಜೋಳದ ರೊಟ್ಟಿ, ಎಣಗಾಯಿ ಉಂಡು ಬಂದರು. ಆಮೇಲೆ ಪ್ರತಿ ರವಿವಾರ ಅವರು ಅಲ್ಲೇ.

ಶಾಲೆಗೆ ಪ್ಲಾಸ್ಟಿಕ್ ಡಬ್ಬಿಗಳು ಬಂದಾಗ ನನ್ನನ್ನು ಮೂಲೆಗೆ ಹಾಕಿದರು. ವರ್ಗವಾಗಿ ತಮ್ಮ ಊರ ಕಡೆ ಹೊರಟ ಮಾಸ್ತರು ಹೆಡ್ ಮಾಸ್ತರರನ್ನು ಕೇಳಿ ನನ್ನನ್ನು ಮೌನೇಶಪ್ಪನವರಿಗೆ ಕೊಡಿಸಿದರು. ಈಗ ನನಗೆ ವಯಸ್ಸಾಗಿದೆ, ಹೊಟ್ಟೆ ನೆಗ್ಗಿದೆ. ಆದರೂ ಈ ಅಂಗಡಿಯಲ್ಲಿ ಯಾರೇ ಬೋರಮಾಳ ಮಾಡಿಸಲಿ, ಅರಗು ತುಂಬುವ ಮೊದಲು ಖಾಲಿ ಗುಂಡುಗಳನ್ನು ಅವರ ಕಣ್ಣೆದುರೇ ನನ್ನಲ್ಲಿ ಮುಳುಗಿಸಿ ತೋರಿಸುತ್ತಾರೆ.

ಕಳೆದ ತಿಂಗಳು ಶಿವಮಲ್ಲು ಮಾಸ್ತರ ಫೋನು ಬಂತು. ಮಗಳ ಮದುವೆಯಂತೆ, ಬೋರಮಾಳ ಬೇಕಂತೆ. ಗುಂಡುಗಳು ಸಿದ್ಧವಾದ ದಿನ ಮೌನೇಶಪ್ಪ ರೂಢಿಯಂತೆ ನನ್ನಲ್ಲಿ ನೀರು ತುಂಬಿಸಿ ಅವರಿಗೇ ಫೋನು ಹಚ್ಚಿದರು. "ಮಾಸ್ತರ, ಮುಳುಗಸ್ತೀನಿ, ಫೋನಿನಾಗ ನೋಡ್ರಿ."

"ಬ್ಯಾಡ ಮೌನೇಶಪ್ನೋರೇ," ಎಂದಿತು ಆ ಕಡೆಯ ದನಿ. "ಅರಗು ತುಂಬ್ಬುಡಿ. ನೀವು ಮಾಡಿದ್ದಲ್ವಾ?"

ಮೌನೇಶಪ್ಪ ಫೋನು ಕೆಳಗಿಟ್ಟರು. ಆಮೇಲೆ ನನ್ನಲ್ಲಿದ್ದ ನೀರನ್ನು ಬಾಗಿಲ ತುಳಸಿಗೆ ಸುರಿದು, ನನ್ನನ್ನು ಒರೆಸಿ ಗೂಡಿನಲ್ಲಿ ಬೋರಲು ಹಾಕಿದರು. ನನಗೆ ಕೆಲಸವಿಲ್ಲದ ಆ ದಿನದಷ್ಟು ಸಂತೋಷ ನನ್ನ ಇಡೀ ಜನ್ಮದಲ್ಲಿ ಆಗಿರಲಿಲ್ಲ.